ಜನರಲ್ ಗ್ರಾಂಟ್ ಗೆದ್ದಿದ್ದು ಬರೀ ತಲೆ ಎಣಿಕೆಯಿಂದಲಾ?

ಪಗಡೆಕಾಯಿ:

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಅಮೆರಿಕದ ಅಂತರ್ಯುದ್ಧದ (1861-65ರಲ್ಲಿ ಉತ್ತರ, ದಕ್ಷಿಣ ರಾಜ್ಯಗಳ ನಡುವೆ ನಡೆದದ್ದು) ಮೇಲಿನ ಒಂದು ಕಂಪ್ಯೂಟರ್ ಗೇಮ್‌ಗೆ ಅಂಟಿಕೊಂಡುಬಿಟ್ಟಿದ್ದೇನೆ. ಅದರಲ್ಲಿ ಪ್ರತಿ ಜನರಲ್‌ಗೂ ಒಂದೊಂದು ಕಾರ್ಡ್ ಇದೆ. ದಕ್ಷಿಣದ ರಾಬರ್ಟ್ ಲೀಗೆ ಜಾಣ್ಮೆಯಲ್ಲಿ ಹತ್ತಕ್ಕೆ ಹತ್ತು. ಉತ್ತರದ ಯುಲಿಸಿಸ್ ಗ್ರಾಂಟ್‌ಗೆ ಇರುವುದು 'ಹಟ' ಅನ್ನೋ ಒಂದೇ ಗುಣ. ಪಕ್ಕದಲ್ಲಿ ಒಂದು ಬಾಟಲಿ ಚಿತ್ರ ಬೇರೆ!

ಕುತೂಹಲಕ್ಕೆ ಸ್ವಲ್ಪ ಹುಡುಕಿದೆ. 1860ರಲ್ಲಿ ಈತನಿಗೆ 38 ವರ್ಷ. ಇಲಿನಾಯ್‌ನ ಗಲೀನಾ ಊರಲ್ಲಿ ಅಪ್ಪನ ಚರ್ಮದ ಅಂಗಡಿಯಲ್ಲಿ ಗುಮಾಸ್ತ. 1864ರಲ್ಲಿ ಅಮೆರಿಕದ ಅಷ್ಟೂ ಸೇನೆಗೆ ದಂಡನಾಯಕ. ನಡುವೆ ನಾಲ್ಕೇ ವರ್ಷ. ಇದು ಅದೃಷ್ಟವಾ? ಕೆಲವರು ಇವನನ್ನು ಕಟುಕ ಅಂತಾರೆ, ಕೆಲವರು ಕುಡುಕ ಅಂತಾರೆ. ಸೈನಿಕರನ್ನು ನೀರಿನಂತೆ ಸುರಿದು ಗೆದ್ದ ಅನ್ನೋದು ನಿಜವಾ? ಓದಿಕೊಂಡಿರುವವರು ಹೇಳಿ. ನನಗೂ ಈಗ 38, ಎರಡು ಕೆಲಸ ಬಿಟ್ಟಾಗಿದೆ. ಹಾಗಾಗಿ ಆಸಕ್ತಿ ಸ್ವಲ್ಪ ಜಾಸ್ತಿ.

ತೋಪುಖಾನೆ:

ಉತ್ತರ ಸರಳ. ಹೌದು. 1864ರ ಮೇ ತಿಂಗಳಲ್ಲಿ ವರ್ಜೀನಿಯಾದಲ್ಲಿ ಗ್ರಾಂಟ್ ಹತ್ತಿರ ಹೆಚ್ಚುಕಡಿಮೆ 1,20,000 ಜನ ಇದ್ದರು. ಲೀ ಹತ್ತಿರ ಅದರ ಅರ್ಧದಷ್ಟು. ಆರೇಳು ವಾರದಲ್ಲಿ ಗ್ರಾಂಟ್ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಸುಮಾರು 55,000. ಜೂನ್ 3ರಂದು ಕೋಲ್ಡ್ ಹಾರ್ಬರ್‌ನಲ್ಲಿ ಕಂದಕದೊಳಗೆ ಭದ್ರವಾಗಿ ಕೂತಿದ್ದ ಶತ್ರುವಿನ ಮೇಲೆ ನೇರವಾಗಿ ನುಗ್ಗಿಸಿದ. ಬೆಳಗಾಗುತ್ತಲೇ ಸಾವಿರಾರು ಜನ ಬಿದ್ದರು. ಇದಕ್ಕೆ ಕಟುಕತನ ಅನ್ನದೆ ಇನ್ನೇನು ಅನ್ನೋಣ? ಕಾರ್ಖಾನೆ, ರೈಲು, ಜನ ಎಲ್ಲ ಉತ್ತರದವರ ಹತ್ತಿರವೇ ಇತ್ತು. ಆ ಜಾಗದಲ್ಲಿ ಯಾರನ್ನು ಕೂರಿಸಿದ್ದರೂ ಗೆಲ್ಲುತ್ತಿದ್ದರು.

ಕರಡು ತಿದ್ದುವವ:

ತೋಪುಖಾನೆಯವರೇ, ಅಂಕಿ ಸರಿ ಇದೆ. ಕೊನೆಯ ಸಾಲು ಮಾತ್ರ ಸರಿಯಿಲ್ಲ. 'ಯಾರನ್ನು ಕೂರಿಸಿದ್ದರೂ' ಅಂದಿರಲ್ಲ, ಕೂರಿಸಿದ್ದರು ಸ್ವಾಮಿ. ಗ್ರಾಂಟ್‌ಗೆ ಮುಂಚೆ ಮೆಕ್ಲೆಲನ್, ಬರ್ನ್‌ಸೈಡ್, ಹೂಕರ್. ಮೂವರ ಹತ್ತಿರವೂ ಲೀಗಿಂತ ಜಾಸ್ತಿ ಜನ ಇದ್ದರು. ಒಬ್ಬನಿಗೂ ಆಗಲಿಲ್ಲ.

ಕೋಲ್ಡ್ ಹಾರ್ಬರ್ ವಿಷಯದಲ್ಲಿ ನಾನು ವಾದ ಮಾಡಲ್ಲ. ಆ ಕೊನೆಯ ದಾಳಿ ಮಾಡಿಸಿದ್ದಕ್ಕೆ ಯಾವತ್ತೂ ಪಶ್ಚಾತ್ತಾಪ ಪಡುತ್ತಲೇ ಬಂದಿದ್ದೇನೆ ಅಂತ ಗ್ರಾಂಟ್ ತಾನೇ ಬರೆದಿದ್ದಾನೆ. ಇನ್ನು ಪಗಡೆಕಾಯಿಯವರ ಪ್ರಶ್ನೆಗೆ ಬರೋಣ. ಮೊದಲು ನಾನು ಈ ಮನುಷ್ಯನ ಹತ್ತಿರ ಹೇಗೆ ಬಂದೆ ಅಂತ ಹೇಳಿಬಿಡುತ್ತೇನೆ.

ನನ್ನದು ಪ್ರೂಫ್ ನೋಡುವ ಕೆಲಸ. ಯುದ್ಧ ಗಿದ್ಧ ನನಗೆ ಆಗಿಬರುವ ವಿಷಯವಲ್ಲ. ನಾಲ್ಕು ವರ್ಷದ ಹಿಂದೆ ಗಂಟಲಿನ ಆಪರೇಷನ್ ಆಯಿತು. ಆರು ವಾರ ಮಾತಾಡಬಾರದು ಅಂದರು. ಏನೇ ಬೇಕಿದ್ದರೂ ಚೀಟಿಯಲ್ಲಿ ಬರೆದು ಕೊಡಬೇಕು. ಮೂವತ್ತು ವರ್ಷ ಬೇರೆಯವರ ವಾಕ್ಯ ತಿದ್ದಿದವನು, ನನಗೇನು ಕಷ್ಟ ಅಂದುಕೊಂಡೆ. ಮೊದಲ ರಾತ್ರಿ ಚಳಿ ತಡೆಯದೆ ಅವಸರದಲ್ಲಿ ಗೀಚಿದೆ: 'ಕಿಟಕಿ ಮುಚ್ಚೋದು ಬೇಡ ಫ್ಯಾನ್'. ಮುಚ್ಚೋದು ಅಂದಮೇಲೆ ಒಂದು ಅಲ್ಪವಿರಾಮ ಬೇಕಿತ್ತು, ಹಾಕಲಿಲ್ಲ. ನನ್ನ ಹೆಂಡತಿ ಅದನ್ನು ಓದಿ ಕಿಟಕಿ ಪೂರ್ತಿ ತೆರೆದು, ಫ್ಯಾನ್ ಜೋರು ಮಾಡಿ ಹೋಗಿ ಮಲಗಿದಳು. ಕರೆಯೋಣ ಅಂದರೆ ಗಂಟಲಿಲ್ಲ. ಬೆಳಗಿನವರೆಗೆ ನಡುಗಿದೆ.

ಇದನ್ನು ಗೆಳೆಯರೊಬ್ಬರಿಗೆ ಬರೆದು ತಿಳಿಸಿದಾಗ ಅವರು ಗ್ರಾಂಟ್‌ನ ಚೀಟಿಗಳ ವಿಷಯ ಹೇಳಿದರು. 1885. ಗಂಟಲ ಕ್ಯಾನ್ಸರ್. ನ್ಯೂಯಾರ್ಕ್ ರಾಜ್ಯದ ಮೌಂಟ್ ಮೆಕ್‌ಗ್ರೆಗರ್ ಅನ್ನೋ ಬೆಟ್ಟದ ಮೇಲಿನ ಒಂದು ಮರದ ಮನೆ. ಮಲಗಿದರೆ ಉಸಿರು ಕಟ್ಟುತ್ತೆ ಅಂತ ಎರಡು ಚರ್ಮದ ಕುರ್ಚಿಗಳನ್ನು ಎದುರುಬದುರು ಹಾಕಿಕೊಂಡು, ಒಂದರಲ್ಲಿ ಕೂತು ಇನ್ನೊಂದರ ಮೇಲೆ ಕಾಲು ಚಾಚಿ ಹಾಗೇ ನಿದ್ದೆ ಮಾಡುತ್ತಿದ್ದ. ದನಿ ಹೋಗಿತ್ತು. ಡಾಕ್ಟರಿಗೆ ಏನು ಹೇಳಬೇಕಿದ್ದರೂ ಪೆನ್ಸಿಲ್ಲಿನಲ್ಲಿ ಬರೆದು ಕೊಡುತ್ತಿದ್ದ. ಕೊನೆಕೊನೆಗೆ ಬರೆದ ಒಂದು ಚೀಟಿಯ ಸಾರ ಇದು: ನಾನು ಸರ್ವನಾಮ ಅಲ್ಲ, ಕ್ರಿಯಾಪದ ಅನಿಸುತ್ತೆ. ಇರುವುದು, ಮಾಡುವುದು, ಅನುಭವಿಸುವುದು, ಈ ಮೂರನ್ನು ಹೇಳುವುದು ಕ್ರಿಯಾಪದ. ನಾನು ಮೂರೂ ಆಗಿದ್ದೇನೆ.

ಹಾಸಿಗೆ ಮೇಲೆ ಇದನ್ನು ಓದಿ ಸುಮ್ಮನೆ ಕೂತುಬಿಟ್ಟೆ. ನಮ್ಮ ಭಾಷೆಯಲ್ಲಿ 'ನಾನು' ಅನ್ನೋದನ್ನು ಬಿಟ್ಟರೂ ನಡೆಯುತ್ತೆ, 'ಬಂದೆ' ಅಂದರೆ ಸಾಕು, ಬಂದವನು ಯಾರು ಅಂತ ಕ್ರಿಯಾಪದವೇ ಹೇಳುತ್ತೆ. ಅವನ ಭಾಷೆಯಲ್ಲಿ ಆ ಸೌಲಭ್ಯ ಇಲ್ಲ. ಆದರೂ ಸಾಯುವ ಹೊತ್ತಿಗೆ 'ನಾನು' ಅನ್ನೋದನ್ನು ಕಿತ್ತು ಪಕ್ಕಕ್ಕಿಟ್ಟ. ಯಾರಪ್ಪಾ ಈತ ಅಂತ ಅವತ್ತಿನಿಂದ ಓದಲು ಶುರುಮಾಡಿದೆ.

ಹೀಗಾಗಿ ನನ್ನ ಉತ್ತರ ಪ್ರೂಫ್ ರೀಡರ್ ಉತ್ತರ. ಗ್ರಾಂಟ್‌ನ ದೊಡ್ಡ ಆಯುಧ ತಲೆ ಎಣಿಕೆಯಲ್ಲ, ಅವನ ವಾಕ್ಯ. ನಗಬೇಡಿ. ಅವನ ಆದೇಶ ಎಷ್ಟೇ ಅವಸರದಲ್ಲಿ ಬರೆದಿದ್ದರೂ ಎರಡನೇ ಸಲ ಓದಬೇಕಾಗುತ್ತಿರಲಿಲ್ಲ ಅಂತ ಅವನ ಜೊತೆಗಿದ್ದ ಅಧಿಕಾರಿಗಳೇ ಹೇಳಿದ್ದಾರೆ. ಗುಂಡು ಹಾರುತ್ತಿರುವಾಗ ಹತ್ತು ಮೈಲಿ ಆಚೆಗಿರುವ ಒಬ್ಬ ಕರ್ನಲ್ ಕೈಗೆ ಒಂದು ಚೀಟಿ ಸಿಗುತ್ತೆ. ಅವನು ಅದನ್ನು ತಪ್ಪಾಗಿ ಓದಿಕೊಂಡರೆ ಸಾಯುವುದು ಬರೆದವನಲ್ಲ. ನನ್ನ ಕಿಟಕಿ ಚೀಟಿಯಿಂದ ನೆಗಡಿ ಬಂತು, ಅಷ್ಟೇ.

1863ರ ವಿಕ್ಸ್‌ಬರ್ಗ್ ನೋಡಿ. ಮಿಸಿಸಿಪಿ ನದಿಯ ಎತ್ತರದ ದಂಡೆ ಮೇಲಿನ ಕೋಟೆಯಂಥ ಊರು. ಚಳಿಗಾಲವಿಡೀ ಕಾಲುವೆ ತೋಡಿ, ಜೌಗಿನಲ್ಲಿ ದಾರಿ ಹುಡುಕಿ, ಎಲ್ಲ ಕೈಕೊಟ್ಟ ಮೇಲೆ ಏಪ್ರಿಲ್ ಕೊನೆಯಲ್ಲಿ ಊರಿನ ಕೆಳಗಡೆಯಿಂದ ನದಿ ದಾಟಿದ. ಹಿಂದೆ ಸರಬರಾಜು ಅಷ್ಟಕ್ಕಷ್ಟೆ. ಮುಂದೆ ಶತ್ರುವಿನ ಎರಡು ಸೇನೆ. ಮೇ 1ರಿಂದ 17ರ ಒಳಗೆ ಐದು ಕಾಳಗ: ಪೋರ್ಟ್ ಗಿಬ್ಸನ್, ರೇಮಂಡ್, ಜಾಕ್ಸನ್, ಚಾಂಪಿಯನ್ ಹಿಲ್, ಬಿಗ್ ಬ್ಲ್ಯಾಕ್ ನದಿ. ಐದೂ ಗೆದ್ದ. ಎರಡು ಸೇನೆ ಒಂದಾಗದ ಹಾಗೆ ನಡುವೆ ನುಗ್ಗಿದ. ಆಮೇಲೆ 47 ದಿನದ ಮುತ್ತಿಗೆ. ಜುಲೈ 4ರಂದು ಊರು ಶರಣಾಯಿತು. ಸುಮಾರು 29,000 ಸೈನಿಕರು ಸೆರೆ. ಇಲ್ಲಿ 'ಕಟುಕ' ಎಲ್ಲಿದ್ದಾನೆ? ನಿಮ್ಮ ಗೇಮ್‌ನಲ್ಲಿ ಲೀಗೆ ಜಾಣ್ಮೆ ಹತ್ತಿದ್ದರೆ, ಈ ಹದಿನೇಳು ದಿನಕ್ಕೆ ಎಷ್ಟು ಕೊಡುತ್ತಾರೆ ಕೇಳಿ ನೋಡಿ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. 1865, ಏಪ್ರಿಲ್ 9, ವರ್ಜೀನಿಯಾದ ಅಪೊಮ್ಯಾಟಕ್ಸ್. ಹಿಂದಿನ ರಾತ್ರಿಯೆಲ್ಲ ಗ್ರಾಂಟ್‌ಗೆ ತಲೆ ಸಿಡಿಯುವ ನೋವು. ಕಾಲನ್ನು ಬಿಸಿನೀರಲ್ಲಿ ಇಟ್ಟುಕೊಂಡು, ಮಣಿಕಟ್ಟಿಗೂ ಕುತ್ತಿಗೆಗೂ ಸಾಸಿವೆ ಪಟ್ಟಿ ಹಾಕಿಕೊಂಡು ಕೂತಿದ್ದ. ಶರಣಾಗತಿಯ ಮಾತಾಡೋಣ ಅನ್ನುವ ಲೀಯ ಪತ್ರ ಕೈಗೆ ಬಂದ ಕ್ಷಣ ನೋವು ಮಾಯ ಅಂತ ತಾನೇ ಬರೆದಿದ್ದಾನೆ. ಭೇಟಿ ನಡೆದದ್ದು ವಿಲ್ಮರ್ ಮೆಕ್‌ಲೀನ್ ಅನ್ನುವವನ ಮನೆಯಲ್ಲಿ. ಪಾಪ, ಯುದ್ಧದ ಮೊದಲ ದೊಡ್ಡ ಕಾಳಗ ಅವನ ಹಳೇ ಜಮೀನಿನ ಸುತ್ತಮುತ್ತ ನಡೆದಿತ್ತು. ಅಲ್ಲಿಂದ ದೂರ ಹೋಗಿ ನೆಮ್ಮದಿಯಾಗಿರೋಣ ಅಂತ ಇಲ್ಲಿಗೆ ಬಂದರೆ ಯುದ್ಧ ಮುಗಿಯೋಕೂ ಅವನ ಮನೆಯೇ ಬೇಕಾಯಿತು.

ಲೀ ಹೊಸ ಸಮವಸ್ತ್ರ ತೊಟ್ಟು, ಅಂದದ ಕತ್ತಿ ಕಟ್ಟಿಕೊಂಡು ಬಂದಿದ್ದ. ಗ್ರಾಂಟ್ ಸಾಮಾನ್ಯ ಸಿಪಾಯಿಯ ಅಂಗಿ ಹಾಕಿದ್ದ, ಹೆಗಲ ಮೇಲೆ ಪಟ್ಟಿ ಮಾತ್ರ ಜನರಲ್‌ದು. ಬೂಟಿನ ತುಂಬಾ ಕೆಸರು. ಇಬ್ಬರೂ ಮೆಕ್ಸಿಕೋ ಯುದ್ಧದ ಹಳೇ ಮಾತು ತೆಗೆದರು. ಗ್ರಾಂಟ್ ಮಾತಲ್ಲಿ ಎಷ್ಟು ಮುಳುಗಿದ ಅಂದರೆ, ನಾವು ಬಂದ ಕೆಲಸ ಏನು ಅಂತ ಸೋತ ಲೀಯೇ ನೆನಪಿಸಬೇಕಾಯಿತು. ಆಗ ಗ್ರಾಂಟ್ ಆದೇಶದ ಪುಸ್ತಕ ತೆರೆದು ಬರೆಯಲು ಕೂತ. ಲೇಖನಿ ಕಾಗದಕ್ಕೆ ತಾಗಿಸಿದಾಗ ಮೊದಲ ಪದ ಏನು ಅಂತಲೂ ತನಗೆ ಗೊತ್ತಿರಲಿಲ್ಲ, ಮನಸ್ಸಿನಲ್ಲಿ ಏನಿದೆ ಅಂತ ಮಾತ್ರ ಗೊತ್ತಿತ್ತು, ಅದನ್ನು ಯಾರೂ ತಪ್ಪು ತಿಳಿಯದ ಹಾಗೆ ಹೇಳಬೇಕಿತ್ತು ಅನ್ನುತ್ತಾನೆ. ಬರೆಯುತ್ತಾ ತಲೆ ಎತ್ತಿದವನ ಕಣ್ಣು ಲೀಯ ಕತ್ತಿ ಮೇಲೆ ಬಿತ್ತು. ಅಧಿಕಾರಿಗಳು ತಮ್ಮ ಕತ್ತಿ, ಪಿಸ್ತೂಲು, ಕುದುರೆ, ಸಾಮಾನು ಇಟ್ಟುಕೊಳ್ಳಬಹುದು ಅಂತ ಒಂದು ಸಾಲು ಸೇರಿಸಿದ.

ಬರೆದದ್ದನ್ನು ಲೀ ಕನ್ನಡಕ ಹಾಕಿಕೊಂಡು ನಿಧಾನವಾಗಿ ಓದಿದ. ಓದಿ, ಇಲ್ಲಿ ಒಂದು ಪದ ಬಿಟ್ಟುಹೋಗಿದೆ ಅಂದ! ಸೆರೆಯಾಳುಗಳ ವಿನಿಮಯ ಆಗುವವರೆಗೆ ಆಯುಧ ಹಿಡಿಯಬಾರದು ಅನ್ನುವ ಕಡೆ 'ವಿನಿಮಯ' ಅನ್ನುವ ಪದವೇ ಇರಲಿಲ್ಲ. ಗುರುತು ಹಾಕೋಣ ಅಂದರೆ ಅವನ ಹತ್ತಿರ ಪೆನ್ಸಿಲ್ ಇಲ್ಲ, ಗ್ರಾಂಟ್‌ನ ಅಧಿಕಾರಿಯೊಬ್ಬ ಕೊಟ್ಟ. ಸೇನೆಯನ್ನೇ ಒಪ್ಪಿಸುವ ಗಳಿಗೆಯಲ್ಲಿ ಶತ್ರುವಿನ ಪ್ರೂಫ್ ನೋಡಿದ ಲೀ ಮೇಲೆ ನನಗೆ ಅವತ್ತಿನಿಂದ ವೃತ್ತಿ ಮಮತೆ.

ಆಮೇಲೆ ಲೀ ಇನ್ನೊಂದು ಮಾತು ಎತ್ತಿದ. ನಮ್ಮಲ್ಲಿ ಅಶ್ವದಳದ ಸಾಮಾನ್ಯ ಸೈನಿಕರ ಕುದುರೆಗಳೂ ಅವರವರ ಸ್ವಂತದ್ದು. ಬರೆದದ್ದರಲ್ಲಿ ಅದಕ್ಕೆ ಅವಕಾಶ ಇಲ್ಲ ಅಂದ ಗ್ರಾಂಟ್. ಸ್ವಲ್ಪ ಯೋಚಿಸಿ, ಬರೆದದ್ದನ್ನು ಬದಲಾಯಿಸುವುದಿಲ್ಲ, ಆದರೆ ತನ್ನದು ಅನ್ನುವ ಕುದುರೆಯನ್ನೋ ಹೇಸರಗತ್ತೆಯನ್ನೋ ಯಾರು ಬೇಕಾದರೂ ಮನೆಗೆ ಒಯ್ಯಲಿ, ಬಿತ್ತನೆಗೆ ಬೇಕಾಗುತ್ತೆ ಅಂದ. ಹಸಿದಿದ್ದ ಲೀ ಸೈನಿಕರಿಗೆ 25,000 ಜನರ ಊಟದ ಸಾಮಾನು ಕೊಡಿಸಿದ. ತನ್ನ ಕಡೆಯವರು ಸಂಭ್ರಮಕ್ಕೆ ತೋಪು ಹಾರಿಸಲು ಶುರುಮಾಡಿದಾಗ ನಿಲ್ಲಿಸಿದ.

ಆ ಶರಣಾಗತಿ ಪತ್ರದ ಕಡೆಯ ಸಾಲು ಮಾತ್ರ ಮರೆಯಬೇಡಿ. ಕೊಟ್ಟ ಮಾತಿಗೂ ಊರಿನ ಕಾನೂನಿಗೂ ತಪ್ಪದೆ ಇರುವ ತನಕ ಇವರನ್ನು ಅಮೆರಿಕದ ಸರ್ಕಾರ ತಂಟೆ ಮಾಡಬಾರದು ಅಂತ ಅದರ ಅರ್ಥ. ಎರಡು ತಿಂಗಳಲ್ಲಿ ಲೀ ಮೇಲೆ ದೇಶದ್ರೋಹದ ಮೊಕದ್ದಮೆ ಎದ್ದಿತು. ಅಧ್ಯಕ್ಷ ಆಂಡ್ರೂ ಜಾನ್ಸನ್‌ಗೆ ಲೀಯನ್ನು ಶಿಕ್ಷಿಸುವ ಮನಸ್ಸಿತ್ತು. ನಾನು ಬರೆದು ಕೊಟ್ಟಿದ್ದೇನೆ, ಅದನ್ನು ಮುರಿದರೆ ರಾಜೀನಾಮೆ ಅಂದ ಗ್ರಾಂಟ್. ಮೊಕದ್ದಮೆ ಅಲ್ಲಿಗೇ ತಣ್ಣಗಾಯಿತು.

ಪಗಡೆಕಾಯಿ:

ಸರ್, ಕೈ ಮುಗಿದೆ. ಕಿಟಕಿ ಚೀಟಿ ಓದಿ ಆಫೀಸಲ್ಲಿ ಜೋರಾಗಿ ನಕ್ಕುಬಿಟ್ಟೆ. ಬಾಟಲಿ ವಿಷಯ ಬಾಕಿ ಉಳಿಯಿತು. ಮತ್ತೆ ಆ ನಾಲ್ಕು ವರ್ಷಕ್ಕೆ ಮುಂಚೆ ಏನು ಮಾಡುತ್ತಿದ್ದ?

ಕರಡು ತಿದ್ದುವವ:

ಮುಂಚೆ ಮಾಡಿದ್ದು ಅಂದರೆ ಸೋತದ್ದು. ವೆಸ್ಟ್ ಪಾಯಿಂಟ್ ಸೈನಿಕ ಶಾಲೆಯಲ್ಲಿ 1843ರಲ್ಲಿ 39 ಜನರಲ್ಲಿ 21ನೆಯವನು. ಹೆಸರು ಕೂಡ ಅಲ್ಲೇ ಬದಲಾದದ್ದು. ಅಪ್ಪ ಅಮ್ಮ ಇಟ್ಟದ್ದು ಹೈರಮ್ ಯುಲಿಸಿಸ್. ಶಿಫಾರಸು ಮಾಡಿದ ಸಂಸದ ತಪ್ಪಾಗಿ ಯುಲಿಸಿಸ್ ಎಸ್. ಗ್ರಾಂಟ್ ಅಂತ ಬರೆದ. ಆ 'ಎಸ್'ಗೆ ಅರ್ಥವೇ ಇಲ್ಲ. ಅಚ್ಚಿನ ದೋಷವೊಂದು ಕೊನೆಗೆ 50 ಡಾಲರ್ ನೋಟಿನವರೆಗೂ ಹೋಯಿತು, ನೋಡಿ.

ಮೆಕ್ಸಿಕೋ ಯುದ್ಧದಲ್ಲಿ ಧೈರ್ಯವಾಗಿ ಕಾದಾಡಿದ. ಆ ಯುದ್ಧವೇ ಅನ್ಯಾಯದ್ದು ಅಂತ ಆಮೇಲೆ ಬರೆದ. 1852ರಲ್ಲಿ ಪೆಸಿಫಿಕ್ ಕರಾವಳಿಗೆ ವರ್ಗ. ಹೆಂಡತಿ ಜೂಲಿಯಾ, ಮಕ್ಕಳು ಸಾವಿರಾರು ಮೈಲಿ ದೂರ. ಸಂಬಳ ಸಾಲದೆ ಆಲೂಗೆಡ್ಡೆ ಹಾಕಿದ, ಹೊಳೆ ಉಕ್ಕಿತು. ಸ್ಯಾನ್ ಫ್ರಾನ್ಸಿಸ್ಕೋಗೆ ಮಂಜುಗಡ್ಡೆ ಕಳಿಸಿದ, ಕರಗಿತು. ಕುಡಿತ ಅಂಟಿದ್ದು ಈ ಒಂಟಿತನದಲ್ಲೇ. 1854ರಲ್ಲಿ ರಾಜೀನಾಮೆ ಕೊಟ್ಟ. ಸೇಂಟ್ ಲೂಯಿಸ್ ಹತ್ತಿರ ಮರದ ದಿಮ್ಮಿಯ ಮನೆ ಕಟ್ಟಿ ಬೇಸಾಯ ಮಾಡಿದ, ಪೇಟೆ ಬೀದಿಯಲ್ಲಿ ಸೌದೆ ಮಾರಿದ. 1857ರ ಕ್ರಿಸ್‌ಮಸ್ ಹೊತ್ತಿಗೆ ಚಿನ್ನದ ಗಡಿಯಾರವನ್ನು 22 ಡಾಲರ್‌ಗೆ ಗಿರವಿ ಇಟ್ಟ.

ಇದೇ ಬಡತನದಲ್ಲಿ ಇನ್ನೊಂದು ನಡೆಯಿತು. ಅವನ ಹತ್ತಿರ ವಿಲಿಯಂ ಜೋನ್ಸ್ ಅನ್ನುವ ಒಬ್ಬ ಗುಲಾಮ ಇದ್ದ. ಇದ್ದ ಅನ್ನೋದೇ ಕಳಂಕ, ಮುಚ್ಚಿಡಲ್ಲ. ಮಾರಿದ್ದರೆ ಸಾಲವೆಲ್ಲ ತೀರುತ್ತಿತ್ತು. 1859ರ ಮಾರ್ಚ್‌ನಲ್ಲಿ ಕೋರ್ಟಿಗೆ ಹೋಗಿ ಬಿಡುಗಡೆ ಪತ್ರ ಬರೆದುಕೊಟ್ಟ.

ಕುಡಿತದ ಬಗ್ಗೆ: ಕುಡಿಯುತ್ತಿದ್ದ, ಮೈಗೆ ತಡೆಯುತ್ತಿರಲಿಲ್ಲ, ಸ್ವಲ್ಪಕ್ಕೇ ಏರುತ್ತಿತ್ತು. ಅದು ಅವನಿಗೇ ಗೊತ್ತಿತ್ತು. ಜಾನ್ ರಾಲಿನ್ಸ್ ಅನ್ನುವ ಆಪ್ತ ಅಧಿಕಾರಿ ಕಾವಲು ನಾಯಿಯ ಹಾಗೆ ಕಾಯುತ್ತಿದ್ದ. ರಾಲಿನ್ಸ್‌ನ ಅಪ್ಪ ಕುಡುಕ, ಹಾಗಾಗಿ ಅವನಿಗೆ ಬಾಟಲಿ ಕಂಡರೆ ಉರಿ. ವಿಕ್ಸ್‌ಬರ್ಗ್ ಮುತ್ತಿಗೆಯ ನಡುವೆಯೇ ತನ್ನ ಮೇಲಧಿಕಾರಿ ಗ್ರಾಂಟ್‌ಗೇ ಖಾರವಾದ ಪತ್ರ ಬರೆದ. ಗ್ರಾಂಟ್ ಅವನನ್ನು ಓಡಿಸಲಿಲ್ಲ, ಜೊತೆಗೇ ಇಟ್ಟುಕೊಂಡ. ಕಾಳಗದ ದಿನ ಅಮಲಲ್ಲಿದ್ದ ಅನ್ನೋದಕ್ಕೆ ಗಟ್ಟಿ ಸಾಕ್ಷಿ ಇಲ್ಲ.

ಮಳೆಹುಳು:

ತಡವಾಗಿ ಬಂದೆ. ಕರಡು ಸರ್ ಬರೆದದ್ದು ಚೆನ್ನಾಗಿದೆ. ಆದರೆ ನೀವು ಒಂದು ಕಾಗದ ಬಿಟ್ಟಿರಿ. 1862ರ ಡಿಸೆಂಬರ್ 17, ಆದೇಶ ಸಂಖ್ಯೆ 11. ಹತ್ತಿ ಕಳ್ಳವ್ಯಾಪಾರ ಜಾಸ್ತಿಯಾಗಿದೆ ಅಂತ ತನ್ನ ಸೇನಾ ವಲಯದಿಂದ ಯಹೂದಿಗಳೆಲ್ಲ 24 ಗಂಟೆಯೊಳಗೆ ಹೊರಹೋಗಬೇಕು ಅಂತ ಹೊರಡಿಸಿದ. ವ್ಯಾಪಾರ ಮಾಡಿದವರು ಅಂತಲ್ಲ, ಯಹೂದಿಗಳೆಲ್ಲ. ಕೆಂಟಕಿಯ ಪಡೂಕಾದಿಂದ ಕುಟುಂಬಗಳನ್ನೇ ಎಬ್ಬಿಸಿದರು. ಅವರಲ್ಲೊಬ್ಬರು ವಾಷಿಂಗ್ಟನ್‌ಗೆ ಹೋಗಿ ಲಿಂಕನ್‌ರನ್ನು ಕಂಡ ಮೇಲೆ ಜನವರಿಯಲ್ಲಿ ಅದು ರದ್ದಾಯಿತು. ಎರಡನೇ ಸಲ ಓದಬೇಕಾಗದಷ್ಟು ಸ್ಪಷ್ಟವಾಗಿ ಬರೆಯುತ್ತಿದ್ದ ಅಂದಿರಲ್ಲ, ಇದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದಿದ್ದಾನೆ ಸರ್.

ಕರಡು ತಿದ್ದುವವ:

ಒಪ್ಪಿದೆ. ಬೇಕೆಂದೇ ಬಿಡಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ಇಷ್ಟಪಟ್ಟವನ ತಪ್ಪು ಬರೆಯುವಾಗ ಕೈ ತಡೆಯುತ್ತೆ. ಜೂಲಿಯಾಳೇ ಆ ಆದೇಶ ಹೇಸಿಗೆಯದ್ದು ಅಂದಿದ್ದಾಳೆ. ಗ್ರಾಂಟ್ ಮುಂದೆ ಅಮೆರಿಕದ ಅಧ್ಯಕ್ಷನಾದ ಮೇಲೆ ಯಹೂದಿಗಳನ್ನು ಸರ್ಕಾರಿ ಹುದ್ದೆಗಳಿಗೆ ತಂದ, 1876ರಲ್ಲಿ ವಾಷಿಂಗ್ಟನ್‌ನ ಹೊಸ ಸಿನಗಾಗ್ (ಯಹೂದಿ ಪ್ರಾರ್ಥನಾ ಮಂದಿರ) ಉದ್ಘಾಟನೆಗೆ ಹೋಗಿ ಕೂತ. ತಪ್ಪು ಗೊತ್ತಾಗಿತ್ತು ಅನ್ನೋದು ಅದರಿಂದ ಕಾಣುತ್ತೆ. ಆದರೆ ಆತ್ಮಕಥನದಲ್ಲಿ ಆ ಆದೇಶದ ಬಗ್ಗೆ ಒಂದಕ್ಷರ ಇಲ್ಲ. ಕುಡಿತದ ಬಗ್ಗೆಯೂ ಇಲ್ಲ.

ತೋಪುಖಾನೆ:

ಅಧ್ಯಕ್ಷಗಿರಿ ವಿಷಯ ಬಿಟ್ಟೇಬಿಟ್ಟಿರಿ. 1869ರಿಂದ 77. ಸುತ್ತ ಲಂಚಕೋರರೇ. ಜನರನ್ನು ಅಳೆಯೋಕೆ ಬರದವನು ಜನರಲ್ ಹೇಗಾದ ಅಂತ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕರಡು ತಿದ್ದುವವ:

ಒಳ್ಳೇ ಏಟು ಕೊಟ್ಟಿರಿ. ಕರಿಯರ ಮೇಲೆ ದಾಳಿ ಮಾಡುತ್ತಿದ್ದ ಕೂ ಕ್ಲಕ್ಸ್ ಕ್ಲಾನ್ ಗುಂಪನ್ನು 1871ರ ಕಾನೂನು ತಂದು ಬಗ್ಗುಬಡಿದದ್ದೂ ಇವನೇ. ಆದರೆ ಕಾಸು, ಸ್ನೇಹ ಎರಡೂ ಸೇರಿದ ಕಡೆ ಕುರುಡ. 1884ರಲ್ಲಿ ಫರ್ಡಿನೆಂಡ್ ವಾರ್ಡ್ ಅನ್ನುವ ಪಾಲುದಾರ ಮೋಸ ಮಾಡಿ ಮುಳುಗಿಸಿದ. ಬೀಳುವುದಕ್ಕೆ ಎರಡು ದಿನ ಮುಂಚೆ ಅವನ ಮಾತು ನಂಬಿ ವ್ಯಾಂಡರ್‌ಬಿಲ್ಟ್ ಅನ್ನುವ ಭಾರೀ ಶ್ರೀಮಂತನ ಹತ್ತಿರ 1,50,000 ಡಾಲರ್ ಸಾಲ ತಂದಿದ್ದ. ಕೊನೆಗೆ ಗ್ರಾಂಟ್ ಜೇಬಿನಲ್ಲಿ ಉಳಿದದ್ದು 80 ಡಾಲರ್. ಅದೇ ಬೇಸಿಗೆಯಲ್ಲಿ ಪೀಚ್ ಹಣ್ಣು ಕಚ್ಚಿದಾಗ ಗಂಟಲು ಚುಚ್ಚಿತು. ಡೊನೆಲ್ಸನ್ ಕೋಟೆ ಗೆದ್ದಾಗ ಜನ ಅಭಿಮಾನಕ್ಕೆ ಸಾವಿರಾರು ಸಿಗಾರ್ ಕಳಿಸಿದ್ದರು, ಅವತ್ತಿನಿಂದ ಬಾಯಿಂದ ಸಿಗಾರ್ ಇಳಿದಿರಲಿಲ್ಲ.

ಕಾಸಿಗಾಗಿ ಆತ್ಮಕಥನ ಬರೆಯದೆ ದಾರಿ ಇರಲಿಲ್ಲ. ಪ್ರಕಟಿಸಿದ್ದು ಸಾಹಿತಿ ಮಾರ್ಕ್ ಟ್ವೇನ್ ಸಂಸ್ಥೆ. ದನಿ ಇರುವವರೆಗೆ ಹೇಳಿ ಬರೆಸಿದ, ದನಿ ಹೋದ ಮೇಲೆ ಕೈಯಲ್ಲೇ ಬರೆದ. ಪುಸ್ತಕ ಮುಗಿದು ಕೆಲವೇ ದಿನಕ್ಕೆ, 1885ರ ಜುಲೈ 23ರಂದು ತೀರಿಕೊಂಡ. 63 ವರ್ಷ. ಜೂಲಿಯಾಗೆ ನಾಲ್ಕು ಲಕ್ಷ ಡಾಲರ್‌ಗೂ ಹೆಚ್ಚು ಬಂತು.

ಸಾಯುವ ತಿಂಗಳಲ್ಲಿ ಬೆಟ್ಟಕ್ಕೆ ನೋಡಲು ಬಂದವರಲ್ಲಿ ದಕ್ಷಿಣದ ಜನರಲ್ ಆಗಿದ್ದ ಸೈಮನ್ ಬಕ್ನರ್ ಒಬ್ಬ. 1854ರಲ್ಲಿ ಗ್ರಾಂಟ್ ನ್ಯೂಯಾರ್ಕ್‌ನಲ್ಲಿ ಹೋಟೆಲ್ ಬಿಲ್ ಕಟ್ಟಲಾಗದೆ ನಿಂತಾಗ ನೆರವಾದವನು. 1862ರಲ್ಲಿ ಡೊನೆಲ್ಸನ್‌ನಲ್ಲಿ ಷರತ್ತು ಕೇಳಿದಾಗ, ಷರತ್ತಿಲ್ಲದೆ ಈಗಲೇ ಶರಣಾಗು ಅಂತ ಇದೇ ಗ್ರಾಂಟ್‌ನಿಂದ ಉತ್ತರ ಪಡೆದವನು. ಈ ಸಲ ಬಕ್ನರ್ ಬಾಯಲ್ಲಿ ಮಾತಾಡಿದ, ಗ್ರಾಂಟ್ ಚೀಟಿಯಲ್ಲಿ. ಶವಯಾತ್ರೆಯಲ್ಲಿ ಗೌರವಕ್ಕೆ ನಡೆದವರಲ್ಲಿ ಉತ್ತರದ ಶರ್ಮನ್, ಶೆರಿಡನ್ ಜೊತೆ ಬಕ್ನರ್ ಕೂಡ ಇದ್ದ.

ಪಗಡೆಕಾಯಿಯವರೇ, ಆತ್ಮಕಥನ ಎರಡು ಸಂಪುಟ ಇದೆ, ಹೆದರಬೇಡಿ. ಮೊದಲ ಅಧ್ಯಾಯದ ಕುದುರೆ ವ್ಯಾಪಾರದಿಂದ ಶುರುಮಾಡಿ.

ಪಗಡೆಕಾಯಿ:

ರಾತ್ರಿ ಓದಿದೆ! ಎಂಟು ವರ್ಷದ ಹುಡುಗ ಕುದುರೆಮರಿ ಕೊಳ್ಳಲು ಹೋಗಿ, 'ಅಪ್ಪ 20 ಡಾಲರ್ ಕೇಳು ಅಂದಿದ್ದಾರೆ, ಒಪ್ಪದಿದ್ದರೆ ಇಪ್ಪತ್ತೆರಡೂವರೆ, ಅದಕ್ಕೂ ಒಪ್ಪದಿದ್ದರೆ 25 ಕೊಡು ಅಂದಿದ್ದಾರೆ' ಅಂತ ಮಾರುವವನ ಮುಂದೆಯೇ ಪೂರ್ತಿ ಒಪ್ಪಿಸಿಬಿಟ್ಟಿದ್ದಾನೆ. ಎರಡನೇ ಸಲ ಓದಬೇಕಾಗದ ವಾಕ್ಯ ಅಂದರೆ ಇದೇ ಅಲ್ವಾ ಸರ್?

ಇನ್ನೊಂದು ಸಹಾಯ ಬೇಕಿತ್ತು. ಗೇಮ್‌ನ ಫೋಲ್ಡರ್ ಒಳಗೆ ಹೋಗಿ ಗ್ರಾಂಟ್ ಕಾರ್ಡ್‌ನಲ್ಲಿ ಬಾಟಲಿ ತೆಗೆದು ಪೆನ್ಸಿಲ್ ಚಿತ್ರ ಹಾಕಿದೆ. ಈಗ ಗೇಮೇ ಓಪನ್ ಆಗುತ್ತಿಲ್ಲ. ಯಾರಿಗಾದರೂ ಗೊತ್ತಿದ್ದರೆ ಹೇಳಿ.